ಬೆಳಚಿನ ಚಿಪ್ಪು, ವಿನೆಗರ್, ಸ್ಪಿರಿಟ್: ಮಳೆಗಾಲಕ್ಕೊಂದು ಡಬ್ಬಿ ಬೆಂಕಿ

ಅಂಕೋಲೆಯ ಹತ್ತಿರ ನನ್ನ ಚಿಕ್ಕಿಯ ಮನೆ. ಗಂಗಾವಳಿ ಹೊಳೆ ಅಲ್ಲಿಂದ ಕೂಗಳತೆ ದೂರ. ಜುಲೈ ತಿಂಗಳಲ್ಲಿ ಹೋದರೆ ಮೊದಲು ಎದುರಾಗುವುದು ಹೊಗೆ. ಅಟ್ಟದ ಮೇಲೆ ಜೋಪಾನವಾಗಿಟ್ಟ ಕಟ್ಟಿಗೆಗೂ ತಂಡಿ ಹಿಡಿದಿರುತ್ತದೆ. ಗರಟೆ ಹಾಕಿ, ಮಡಲು ಹಾಕಿ, ಊದಿ ಊದಿ ಒಲೆ ಹತ್ತಿಸುವಷ್ಟರಲ್ಲಿ ಅರ್ಧ ಗಂಟೆ ಹೋಗುತ್ತದೆ, ಕಣ್ಣು ಕೆಂಪಾಗುತ್ತದೆ. ಗ್ಯಾಸ್ ಇಲ್ವಾ ಅಂದರೆ, ಇದೆ. ಸಿಲಿಂಡರ್ ಖಾಲಿಯಾದರೆ ಮುಂದಿನದಕ್ಕೆ ದುಡ್ಡು ಕೂಡಬೇಕು, ಅಲ್ಲಿಯವರೆಗೆ ಒಲೆಯೇ ಗತಿ. 2019ರ ಆಗಸ್ಟ್‌ನಲ್ಲಿ, ಆಮೇಲೆ 2021ರ ಜುಲೈನಲ್ಲಿ ಹೊಳೆ ಉಕ್ಕಿದಾಗ ಒಲೆಯೂ ನೀರಲ್ಲಿ, ಕಟ್ಟಿಗೆಯೂ ನೀರಲ್ಲಿ. "ಮಗುವಿಗೆ ಗಂಜಿ ಬಿಸಿ ಮಾಡೋಕೆ ಅಂಗೈಯಗಲ ಬೆಂಕಿ ಸಿಕ್ಕಿದ್ರೆ ಸಾಕಿತ್ತು" ಎಂದು ಚಿಕ್ಕಿ ಈಗಲೂ ಹೇಳುತ್ತಾರೆ.

ಆ ಅಂಗೈಯಗಲ ಬೆಂಕಿಯನ್ನು ಡಬ್ಬಿಯಲ್ಲಿ ತುಂಬಿಡಬಹುದು. ಮದುವೆ ಊಟದ ಬಫೆಯಲ್ಲಿ ಪಲಾವಿನ ಪಾತ್ರೆಯ ಕೆಳಗೆ ನೀಲಿ ಉರಿಯ ಪುಟ್ಟ ಡಬ್ಬಿ ಇಟ್ಟಿರುತ್ತಾರೆ, ನೋಡಿದ್ದೀರಲ್ವಾ? ಅದರೊಳಗೆ ಇರುವುದು ಗಟ್ಟಿ ಮಾಡಿದ ಸ್ಪಿರಿಟ್, ಅಂದರೆ ಜೆಲ್. ಸ್ಪಿರಿಟ್ ಉರಿದರೆ ಮಸಿ ಇಲ್ಲ, ಕಣ್ಣುರಿಸುವ ಹೊಗೆ ಇಲ್ಲ. ಆದರೆ ನೀರಾಗಿದ್ದರೆ ಡಬ್ಬಿ ಮಗುಚಿದ ತಕ್ಷಣ ಬೆಂಕಿ ನೆಲದ ತುಂಬ ಹರಿಯುತ್ತದೆ. ಜೆಲ್ ಹಾಗೆ ಹರಿಯುವುದಿಲ್ಲ, ಇದ್ದಲ್ಲೇ ಕೂರುತ್ತದೆ. ಮಕ್ಕಳು ಓಡಾಡುವ ಮನೆಗೆ ಇದು ಸಣ್ಣ ಮಾತಲ್ಲ.

ಬಡವರ ಅಡುಗೆಗೆ ಇದನ್ನು ಬಳಸುವ ಯೋಚನೆ ಹೊಸದಲ್ಲ. 2000ದ ಹೊತ್ತಿಗೆ ಆಫ್ರಿಕಾದ ಜಿಂಬಾಬ್ವೆ, ಮಲಾವಿ, ದಕ್ಷಿಣ ಆಫ್ರಿಕಾಗಳಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಜೆಲ್ ಇಂಧನದ ದೊಡ್ಡ ಪ್ರಯತ್ನವೇ ನಡೆಯಿತು. ನಮ್ಮ ಪಕ್ಕದ ಮಹಾರಾಷ್ಟ್ರದ ಫಲ್ಟಣದಲ್ಲಿ ಅನಿಲ್ ರಾಜವಂಶಿ ಅವರ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆ ಬೇರೆ ದಾರಿ ಹಿಡಿಯಿತು. ಅರ್ಧದಷ್ಟು ನೀರು ಬೆರೆತ ಸ್ಪಿರಿಟ್‌ನಲ್ಲೂ ಉರಿಯುವ ಒಲೆ ಮಾಡಿತು. ಜೆಲ್‌ಗೆ ಮಾತ್ರ ನೀರು ಬೆರೆತ ಸ್ಪಿರಿಟ್ ನಡೆಯುವುದಿಲ್ಲ. ಯಾಕೆ ಎಂಬುದು ಮುಂದೆ ಬರುತ್ತದೆ.

ಮೊದಲು ಸ್ಪಿರಿಟ್ ವಿಷಯ

ಇದನ್ನು ನೇರವಾಗಿ ಹೇಳಿಬಿಡುತ್ತೇನೆ. ಏಪ್ರಿಲ್‌ನಲ್ಲಿ ನಮ್ಮ ಬೆಟ್ಟಗಳಲ್ಲಿ ಗೇರುಹಣ್ಣು ಮರದಡಿಯಲ್ಲೇ ಕೊಳೆಯುತ್ತದೆ. ಅದನ್ನು ಹುಳಿ ಬರಿಸಿ ಸ್ಪಿರಿಟ್ ಇಳಿಸಬಹುದಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಮನೆಯಲ್ಲಿ ಭಟ್ಟಿ ಇಳಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ. ಒಲೆಗಾಗಿ ಎಂದರೂ ಅಪರಾಧವೇ. ಸ್ಪಿರಿಟ್ ಕೊಳ್ಳಲು, ಇಟ್ಟುಕೊಳ್ಳಲು ಕೂಡ ಅಬಕಾರಿ ಇಲಾಖೆಯ ನಿಯಮಗಳಿವೆ. ಹಾಗಾಗಿ ಇದು ಒಬ್ಬೊಬ್ಬರು ಮನೆಯಲ್ಲಿ ಮಾಡುವ ಕೆಲಸ ಅಲ್ಲ. ಹತ್ತು ಹೆಂಗಸರ ಸ್ವಸಹಾಯ ಸಂಘವೋ, ಗ್ರಾಮ ಪಂಚಾಯಿತಿಯೋ ಮುಂದೆ ನಿಂತು, ತಾಲೂಕಿನ ಅಬಕಾರಿ ಕಚೇರಿಯಲ್ಲಿ ಕೇಳಿ, ಪರವಾನಗಿ ಇದ್ದವರಿಂದ ತರಿಸಿ, ಒಂದೇ ಕಡೆ ಮಾಡಿ ಹಂಚುವುದು ಒಳ್ಳೆಯದು. ನಮ್ಮದೇ ಜಿಲ್ಲೆಯ ಹಳಿಯಾಳದಲ್ಲಿ ಕಬ್ಬು ಅರೆಯುವ ಕಾರ್ಖಾನೆ ಇದೆ. ಕಬ್ಬಿನ ಕಾಕಂಬಿಯಿಂದಲೂ ಸ್ಪಿರಿಟ್ ಮಾಡುತ್ತಾರೆ.

ಬೇಕಾದದ್ದು ಎಥನಾಲ್ ಎಂಬ ಸ್ಪಿರಿಟ್, ಅದೂ 95 ಪರ್ಸೆಂಟಿನದು. ಮೆಥನಾಲ್ ಎಂಬ ಇನ್ನೊಂದು ಬಗೆ ಬೇಡವೇ ಬೇಡ. ಅದು ಹೊಟ್ಟೆಗೆ ಹೋದರೆ ಕಣ್ಣು ಹೋಗುತ್ತದೆ, ಜೀವವೂ ಹೋಗುತ್ತದೆ. ಕುಡಿಯಬಾರದೆಂದು ವಿಷ ಬೆರೆಸಿದ ಸ್ಪಿರಿಟ್ಟೂ ಅಂಗಡಿಯಲ್ಲಿ ಬರುತ್ತದೆ, ಅದರಲ್ಲಿ ಮೆಥನಾಲ್ ಇರಬಹುದು. ಡಬ್ಬಿಯ ಮೇಲೆ ಬರೆದಿರುವುದನ್ನು ಓದಿ ತನ್ನಿ.

ಚಿಪ್ಪು ಕರಗಿಸುವುದು

ಸ್ಪಿರಿಟ್ ಗಟ್ಟಿ ಮಾಡಲು ಕಂಪನಿಯವರು ಕಾರ್ಬೊಮರ್ ಎಂಬ ಪುಡಿ ಬಳಸುತ್ತಾರೆ. ಕೈಗೆ ಹಚ್ಚುವ ಸ್ಯಾನಿಟೈಸರ್ ಜೆಲ್‌ನಲ್ಲಿ ಇರುವುದೂ ಅದೇ. ನಮಗೆ ಅದು ಬೇಕಿಲ್ಲ. ಅಘನಾಶಿನಿ ಹೊಳೆಯ ಅಳಿವೆಯಲ್ಲಿ ಬೆಳಚು (ತಿನ್ನುವ ಚಿಪ್ಪುಜೀವಿ) ತೆಗೆಯುವವರ ಮನೆ ಹಿಂದೆ ಚಿಪ್ಪಿನ ರಾಶಿಯೇ ಇರುತ್ತದೆ. ಚಿಪ್ಪು ಅಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ವಿನೆಗರ್ ಅದನ್ನು ಕರಗಿಸಿ ಕ್ಯಾಲ್ಸಿಯಂ ಅಸಿಟೇಟ್ ಎಂಬ ಉಪ್ಪು ಮಾಡುತ್ತದೆ. ಆ ಉಪ್ಪೇ ನಮ್ಮ ಹೆಪ್ಪು. ಘಟ್ಟದ ಮೇಲೆ ಸಿರಸಿ ಕಡೆಯವರಿಗೆ ಬೆಳಚು ಸಿಗದಿದ್ದರೆ ಕೋಳಿಮೊಟ್ಟೆಯ ಸಿಪ್ಪೆಯೂ ಆಗುತ್ತದೆ.

ಚಿಪ್ಪನ್ನು ತೊಳೆದು, ಕುದಿಸಿ, ಒಣಗಿಸಿ, ಒರಳಲ್ಲಿ ಕುಟ್ಟಿ. ರವೆಯಷ್ಟು ಸಣ್ಣಗಾದರೆ ಸಾಕು. ಕುಟ್ಟುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಧೂಳು ಒಳ್ಳೆಯದಲ್ಲ. ದೊಡ್ಡ ಸ್ಟೀಲ್ ಪಾತ್ರೆಯಲ್ಲಿ 1 ಲೀಟರ್ ಬಿಳಿ ವಿನೆಗರ್ ಹಾಕಿ. ಅಲ್ಯೂಮಿನಿಯಂ ಬೇಡ, ಹುಳಿ ಅದನ್ನು ತಿನ್ನುತ್ತದೆ. ಪುಡಿಯನ್ನು ಚಮಚ ಚಮಚವಾಗಿ ಬಿಡಿ. ಸುರ್ರೆಂದು ನೊರೆ ಏಳುತ್ತದೆ, ಸೋಡಾ ಬಾಟಲಿ ತೆರೆದ ಹಾಗೆ. ಒಮ್ಮೆಲೇ ಸುರಿದರೆ ಉಕ್ಕಿ ಹೊರಗೆ ಹೋಗುತ್ತದೆ. ಅಂಗಡಿಯ ವಿನೆಗರ್ 4 ಪರ್ಸೆಂಟಿನದಾದರೆ 1 ಲೀಟರಿನಲ್ಲಿ 40 ಗ್ರಾಂ ಆಮ್ಲ ಇರುತ್ತದೆ. ಅದು ಸುಮಾರು 33 ಗ್ರಾಂ ಚಿಪ್ಪು ತಿನ್ನುತ್ತದೆ. ನೀವು 45-50 ಗ್ರಾಂ ಹಾಕಿ. ಹೆಚ್ಚಾದದ್ದು ತಳದಲ್ಲಿ ಕೂರುತ್ತದೆ, ತೊಂದರೆಯಿಲ್ಲ. ಒಂದು ರಾತ್ರಿ ಬಿಡಿ. ಬೆಳಿಗ್ಗೆ ನೊರೆ ನಿಂತಿದ್ದು, ವಿನೆಗರ್ ಘಾಟು ಹೋಗಿದ್ದರೆ ಆಯಿತು ಅಂತ ಲೆಕ್ಕ.

ಎಲೆಗೆ ಹಚ್ಚುವ ಸುಣ್ಣ ಹಾಕಿದರೆ ಬೇಗ ಆಗುತ್ತದಲ್ಲ ಎಂದು ಕೇಳಬಹುದು. ಆಗುತ್ತದೆ. ಆದರೆ ನೊರೆ ಬರುವುದಿಲ್ಲ, ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದಿಲ್ಲ. ಚಿಪ್ಪಿನ ಪುಡಿಯೇ ವಾಸಿ.

ಈಗ ಬಟ್ಟೆಯಲ್ಲಿ ಸೋಸಿ. ಸಿಗುವುದು ತೆಳ್ಳಗಿನ ನೀರು. ಅದರಲ್ಲಿ 50 ಗ್ರಾಂ ಚಿಲ್ಲರೆ ಉಪ್ಪು ಕರಗಿದೆ. ಈ 1 ಲೀಟರ್ ಬತ್ತಿ 150 ಮಿಲಿಗೆ, ಅಂದರೆ ಒಂದು ಸಣ್ಣ ಲೋಟಕ್ಕೆ ಇಳಿಯಬೇಕು. ಒಲೆಯ ಮೇಲಿಟ್ಟು ಬತ್ತಿಸಬಹುದು. ಆದರೆ ಇಂಧನ ಮಾಡಲು ಇಂಧನ ಸುಡುವುದು ಯಾವ ನ್ಯಾಯ? ಗೋಕರ್ಣದ ಹತ್ತಿರ ಸಾಣಿಕಟ್ಟಾದ ಆಗರಗಳಲ್ಲಿ ಉಪ್ಪು ಬೆಳೆಯುವ ಹಾಗೆ ಬಿಸಿಲಿಗೇ ಬಿಡಿ. ಏಪ್ರಿಲ್-ಮೇ ತಿಂಗಳಲ್ಲೇ ಈ ಕೆಲಸ ಮುಗಿಸಬೇಕು. ಅಗಲ ತಟ್ಟೆಗಳಲ್ಲಿ ತೆಳ್ಳಗೆ ಹಾಕಿ, ಮೇಲೆ ತೆಳು ಬಟ್ಟೆ ಕಟ್ಟಿ ಅಂಗಳದಲ್ಲಿಡಿ. ಅಂಚಿನಲ್ಲಿ ಬಿಳಿ ಪೊರೆ ಕಟ್ಟತೊಡಗಿದರೆ ಹದ ಬಂತು. ಒಂದು ವಿಚಿತ್ರ ನೆನಪಿಡಿ. ಸಕ್ಕರೆ ಬಿಸಿನೀರಲ್ಲಿ ಜಾಸ್ತಿ ಕರಗುತ್ತದೆ, ಚಿಪ್ಪಿನ ಈ ಉಪ್ಪು ತಣ್ಣೀರಲ್ಲಿ ಜಾಸ್ತಿ ಕರಗುತ್ತದೆ. ಹಾಗಾಗಿ ಬಿಸಿಯಿರುವಾಗ ಪೊರೆ ಕಂಡರೆ ಪೂರ್ತಿ ತಣಿಯಲು ಬಿಟ್ಟು ಮತ್ತೆ ನೋಡಿ. ನಾನು ಮೊದಲ ಸಲ ಇಲ್ಲೇ ಎಡವಿದೆ. ಬಿಸಿಯಲ್ಲಿ ಪೊರೆ ಕಂಡೊಡನೆ ಸಾಕೆಂದು ಇಳಿಸಿದೆ, ಜೆಲ್ ಅಂಬಲಿಯ ಹಾಗೆ ನೀರಾಯಿತು.

ಕೊನೆಗೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ. ಸ್ಪಿರಿಟ್ಟಿನ ಉರಿ ಹಗಲು ಬೆಳಕಿನಲ್ಲಿ ಕಾಣುವುದೇ ಇಲ್ಲ, ಆರಿದೆ ಎಂದು ಕೈ ಇಟ್ಟು ಸುಟ್ಟುಕೊಳ್ಳುತ್ತಾರೆ. ಉಪ್ಪು ಬಿದ್ದರೆ ಉರಿಗೆ ಹಳದಿ ಬಣ್ಣ ಬರುತ್ತದೆ, ಕಣ್ಣಿಗೆ ಕಾಣುತ್ತದೆ.

ಹೆಪ್ಪು ಹಾಕುವುದು

ಬಯಲಿನಲ್ಲಿ ಮಾಡಿ. ಹತ್ತಿರ ಒಲೆ, ದೀಪ, ಬೀಡಿ ಯಾವುದೂ ಇರಬಾರದು. 95 ಪರ್ಸೆಂಟಿನ ಸ್ಪಿರಿಟ್ಟಿನ ಆವಿ 17 ಡಿಗ್ರಿಯಲ್ಲೇ ಬೆಂಕಿ ಹಿಡಿಯುತ್ತದೆ. ನಮ್ಮ ಕರಾವಳಿಯಲ್ಲಿ ಚಳಿಗಾಲದ ಹಗಲಲ್ಲೂ ಅದಕ್ಕಿಂತ ಸೆಕೆ ಜಾಸ್ತಿ. ಪಕ್ಕದಲ್ಲಿ ಒಂದು ಬಕೆಟ್ ನೀರು, ಒಂದು ಒದ್ದೆ ಗೋಣಿ ಇರಲಿ.

ಅಗಲ ಬಾಯಿಯ ಸ್ಟೀಲ್ ಡಬ್ಬಿಯಲ್ಲಿ 850 ಮಿಲಿ ಸ್ಪಿರಿಟ್ ಹಾಕಿ. ತಣ್ಣಗಾದ 150 ಮಿಲಿ ದ್ರಾವಣವನ್ನು ಒಂದೇ ಸಲ ಸುರಿದು, ಒಂದು ಸುತ್ತು ತಿರುಗಿಸಿ, ಬಿಟ್ಟುಬಿಡಿ. ನೋಡನೋಡುತ್ತಿದ್ದಂತೆ ಬಿಳಿಯಾಗಿ ಹೆಪ್ಪುಗಟ್ಟುತ್ತದೆ. ಚಿಕ್ಕಿ ಡಬ್ಬಿಯನ್ನು ಓರೆ ಮಾಡಿ, "ಚಳಿಗೆ ಗಟ್ಟಿಯಾದ ತೆಂಗಿನೆಣ್ಣೆ ಇದ್ದ ಹಾಗಿದೆ" ಎಂದರು. ಚಿಪ್ಪಿನ ಆ ಉಪ್ಪಿಗೆ ನೀರೆಂದರೆ ಆಗುತ್ತದೆ, ಸ್ಪಿರಿಟ್ ಆಗುವುದಿಲ್ಲ. ಅಷ್ಟು ಸ್ಪಿರಿಟ್ ಕಂಡೊಡನೆ ಕರಗಿದ್ದ ಉಪ್ಪು ಹೊರಬಂದು ಸಣ್ಣ ಬಲೆ ನೇಯುತ್ತದೆ, ಸ್ಪಿರಿಟ್ ಆ ಬಲೆಯೊಳಗೆ ಸಿಕ್ಕಿಬೀಳುತ್ತದೆ. ಸ್ಪಿರಿಟ್ಟಿಗೆ ನೀರು ಬೆರೆತಿದ್ದರೆ ಉಪ್ಪು ಕರಗಿಯೇ ಇರುತ್ತದೆ, ಬಲೆ ಕಟ್ಟುವುದಿಲ್ಲ.

ಸಣ್ಣ ಸಣ್ಣ ತಗಡಿನ ಡಬ್ಬಿಗೆ ತುಂಬಿ ಬಿಗಿ ಮುಚ್ಚಳ ಹಾಕಿ. ಸಡಿಲವಾದರೆ ಸ್ಪಿರಿಟ್ ಹಾರಿಹೋಗುತ್ತದೆ. ಬಹಳ ದಿನ ಇಟ್ಟರೆ ಜೆಲ್ ನೀರು ಬಿಡುತ್ತದೆ, ಆ ನೀರೂ ಸ್ಪಿರಿಟ್ಟೇ. ಆದ್ದರಿಂದ ಚಿಪ್ಪಿನ ದ್ರಾವಣವನ್ನು ಬೇಸಿಗೆಯಲ್ಲೇ ಮಾಡಿ ಬಾಟಲಿಯಲ್ಲಿಡಿ, ಜೆಲ್ಲನ್ನು ಮಾತ್ರ ಬೇಕಾದಾಗ ಕೂಡಿಸಿ. ಮಕ್ಕಳ ಕೈಗೆ ಎಟುಕದ ಕಡೆ ಇಡಿ.

ಉರಿಸುವುದು

ಡಬ್ಬಿಯ ಸುತ್ತ ಮೂರು ಕಲ್ಲು ಅಥವಾ ಕಬ್ಬಿಣದ ಸಣ್ಣ ಸ್ಟ್ಯಾಂಡ್ ಇಟ್ಟು, ಪಾತ್ರೆಗೂ ಡಬ್ಬಿಗೂ ಮೂರು ಬೆರಳು ಜಾಗ ಬಿಡಿ. ಗಾಳಿಗೆ ತಗಡಿನ ಮರೆ ಕಟ್ಟಿ. ಕಿಟಕಿ ತೆರೆದಿರಲಿ. ಉದ್ದ ಕಡ್ಡಿಯಿಂದ ಹತ್ತಿಸಿ. ಆರಿಸಲು ಊದಬೇಡಿ, ಇಕ್ಕಳದಲ್ಲಿ ಮುಚ್ಚಳ ಹಿಡಿದು ಪಕ್ಕದಿಂದ ಸರಿಸಿ ಮುಚ್ಚಿ.

ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದು: ಉರಿಯುತ್ತಿರುವ ಡಬ್ಬಿಗೆ, ಬಿಸಿಯಿರುವ ಡಬ್ಬಿಗೆ ಯಾವತ್ತೂ ಜೆಲ್ ಹಾಕಬೇಡಿ, ಸ್ಪಿರಿಟ್ ಹಾಕಬೇಡಿ. ಕಾಣದ ಉರಿ ಕೈಲಿರುವ ಪಾತ್ರೆಗೆ ಹಾರುತ್ತದೆ. ಡಬ್ಬಿಯನ್ನು ಬರಿಗೈಲಿ ಮುಟ್ಟುವಷ್ಟು ತಣಿಯಲಿ, ಆಮೇಲೆ ತುಂಬಿ. ಜೆಲ್ ಮೈಗೆ ಅಂಟಿಕೊಂಡು ಉರಿಯುತ್ತದೆ, ಒರೆಸಲು ಹೋಗಬೇಡಿ. ತಕ್ಷಣ ಬಕೆಟ್ ನೀರಲ್ಲಿ ಅದ್ದಿ, ಹರಿಯುವ ನೀರಿನಡಿ 20 ನಿಮಿಷ ಹಿಡಿದು, ಆಸ್ಪತ್ರೆಗೆ ಹೋಗಿ.

ಎಷ್ಟು ಅಡುಗೆಯಾಗುತ್ತದೆ? ಎಥನಾಲ್‌ಗೆ ಕೆಜಿಗೆ ಸುಮಾರು 27 ಮೆಗಾಜೂಲ್ ಶಾಖ, ಅಡುಗೆ ಗ್ಯಾಸಿಗೆ 46ರ ಹತ್ತಿರ. ಜೆಲ್‌ನಲ್ಲಿ ನೀರೂ ಇರುವುದರಿಂದ ಇನ್ನೂ ಕಡಿಮೆ. 1 ಲೀಟರ್ ನೀರು ಕುದಿಯಲು ಲೆಕ್ಕದ ಪ್ರಕಾರ 50-60 ಮಿಲಿ ಜೆಲ್ ಬೇಕು, ಗಾಳಿಗೆ ಮರೆ ಇಲ್ಲದಿದ್ದರೆ ಇನ್ನೂ ಜಾಸ್ತಿ. ಕುಚ್ಚಲಕ್ಕಿ ಬೇಯಿಸಲು ಹೋದರೆ ಡಬ್ಬಿ ಖಾಲಿಯಾಗುತ್ತದೆ, ಅಕ್ಕಿ ಬೆಂದಿರುವುದಿಲ್ಲ. ಆಫ್ರಿಕಾದಲ್ಲೂ ಜನ ಹೇಳಿದ್ದು ಅದೇ: ಉರಿ ಮೆದು, ಅಡುಗೆ ನಿಧಾನ, ಖರ್ಚು ಜಾಸ್ತಿ. ಹಾಗಾಗಿ ದಿನದ ಅಡುಗೆಗೆ ಇದನ್ನು ನಂಬಬೇಡಿ, ಬಡವರಿಗೆ ಇದೇ ಪರಿಹಾರ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಮಗುವಿನ ಹಾಲು, ಬಾಣಂತಿಗೆ ಬಿಸಿನೀರು, ಜ್ವರ ಬಂದವರಿಗೆ ಮಾಡಿಟ್ಟ ಗಂಜಿ ಬಿಸಿ ಮಾಡುವುದು, ಹೊಳೆ ಉಕ್ಕಿದ ರಾತ್ರಿ ಒಂದು ಪಾತ್ರೆ ಚಹಾ: ಇವಿಷ್ಟಕ್ಕೆ ಮನೆಗೆ ಎರಡು ಡಬ್ಬಿ ಇದ್ದರೆ ಸಾಕು.

ಉರಿದು ಮುಗಿದ ಮೇಲೆ ಡಬ್ಬಿಯ ತಳದಲ್ಲಿ ಬಿಳಿ ಹಿಟ್ಟು ಉಳಿಯುತ್ತದೆ. ಪೂರ್ತಿ ತಣಿದ ಮೇಲೆ ಕೆರೆದು ತೆಂಗಿನ ಬುಡಕ್ಕೆ ಹಾಕಿ. ಬೆಳಚಿನಿಂದ ಬಂದ ಸುಣ್ಣದಂಶ ಅದು, ನಮ್ಮ ಹುಳಿ ಮಣ್ಣಿಗೆ ಆಗುತ್ತದೆ.