796 ಸಿಸಿಯ ಮೂರು ಸಿಲಿಂಡರ್: ಮಿಸ್ಸಿಂಗ್‌ನಿಂದ ಹೆಡ್ ಗ್ಯಾಸ್ಕೆಟ್‌ವರೆಗೆ

ಮಾರುತಿ 800 ಮೊದಲು ರಸ್ತೆಗಿಳಿದದ್ದು 1983ರ ಡಿಸೆಂಬರ್‌ನಲ್ಲಿ. ಅದರ ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಅದೇ ಅಳತೆಯ ಎಂಜಿನ್ ಸುಧಾರಿಸಿಕೊಂಡು ಆಲ್ಟೊ, ಆಲ್ಟೊ 800ಕ್ಕೂ ಬಂತು. ಮೂರು ಸಿಲಿಂಡರ್, ಬೋರ್ (ಸಿಲಿಂಡರಿನ ಅಗಲ) 68.5 ಮಿಮೀ, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 72 ಮಿಮೀ, ಒಟ್ಟು 796 ಸಿಸಿ. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳಲ್ಲಿ ಕಿಡಿ ಹಾರುವ ಕ್ರಮ, 1-3-2. ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್ ಸಿಲಿಂಡರುಗಳ ಮುಚ್ಚಳವಾದ ಹೆಡ್‌ನ ಮೇಲೆ ಕೂತಿದೆ, ಅದನ್ನು ತಿರುಗಿಸುವುದು ಚೈನ್ ಅಲ್ಲ, ರಬ್ಬರ್ ಬೆಲ್ಟ್.

ಕಾರ್ಬುರೇಟರ್ ಇರುವ ಹಳೆಯ 800ರಲ್ಲಿ ಸಿಲಿಂಡರಿಗೆ ಎರಡು ವಾಲ್ವ್. ಶಕ್ತಿ 5000 ಆರ್‌ಪಿಎಂನಲ್ಲಿ ಸುಮಾರು 37 ಅಶ್ವಶಕ್ತಿ, ಟಾರ್ಕ್ 2500ರಲ್ಲಿ 59 ಎನ್‌ಎಂ. 2012ರ ಆಲ್ಟೊ 800ರಲ್ಲಿ ಸಿಲಿಂಡರಿಗೆ ನಾಲ್ಕು ವಾಲ್ವ್, ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ), 6000ದಲ್ಲಿ 47 ಅಶ್ವಶಕ್ತಿ, 3500ರಲ್ಲಿ 69 ಎನ್‌ಎಂ. ಹಳೆಯ 800 ಕಡಿಮೆ ಆರ್‌ಪಿಎಂನಲ್ಲೇ ಎಳೆಯುತ್ತದೆ, ಆಲ್ಟೊಗೆ ಸ್ವಲ್ಪ ರೇಸ್ ಬೇಕು. ಘಾಟಿ ಹತ್ತುವಾಗ ಬೇಗ ಮೂರನೇ ಗೇರಿಗೆ ಹಾಕಿ ‘ಪಿಕಪ್ಪೇ ಇಲ್ಲ’ ಎಂದು ಗ್ಯಾರೇಜಿಗೆ ಬರುವ ಆಲ್ಟೊಗಳಲ್ಲಿ ಎಷ್ಟೋ ಗಾಡಿಗಳಿಗೆ ಯಾವ ಕಾಯಿಲೆಯೂ ಇರುವುದಿಲ್ಲ.

ಮಿಸ್ಸಿಂಗ್ ಯಾವ ಸಿಲಿಂಡರಿನದು?

ಮೂರು ಸಿಲಿಂಡರಿನ ಎಂಜಿನ್ ಐಡ್ಲಿಂಗ್‌ನಲ್ಲಿ (ಆಕ್ಸಿಲರೇಟರ್ ತುಳಿಯದೆ ಓಡುವಾಗ) ಕೊಂಚ ನಡುಗುವುದು ಸಹಜ. ಒಂದು ಸಿಲಿಂಡರ್ ಉರಿಯದೆ ಸತ್ತರೆ (ಇದೇ ಮಿಸ್ಸಿಂಗ್) ಮಾತ್ರ ಮೂರರಲ್ಲೊಂದು ಪಾಲು ಶಕ್ತಿಯೇ ಹೋಗುತ್ತದೆ, ಸ್ಟೀರಿಂಗ್ ಕೂಡ ಅದುರುತ್ತದೆ. ಪತ್ತೆಗೆ ಹೆಚ್ಚು ಸಲಕರಣೆ ಬೇಡ. ಡಿಸ್ಟ್ರಿಬ್ಯೂಟರ್ (ಪ್ಲಗ್ಗುಗಳಿಗೆ ಸರದಿಯಂತೆ ವಿದ್ಯುತ್ ಹಂಚುವ ಭಾಗ) ಇರುವ ಗಾಡಿಯಲ್ಲಿ ಎಂಜಿನ್ ಓಡುತ್ತಿರುವಾಗಲೇ, ರಬ್ಬರ್ ಹಿಡಿಯ ಇಕ್ಕಳದಿಂದ ಪ್ಲಗ್ ವೈರುಗಳನ್ನು ಒಂದೊಂದಾಗಿ ಎಳೆಯಿರಿ. ವೈರ್ ಎಳೆದಾಗ ಎಂಜಿನ್ ಇನ್ನಷ್ಟು ಕುಗ್ಗಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿದೆ. ಎಳೆದರೂ ಸದ್ದು ಬದಲಾಗದಿದ್ದರೆ ಅದೇ ಸತ್ತ ಸಿಲಿಂಡರ್. ಎಂಪಿಎಫ್‌ಐ ಗಾಡಿಯಲ್ಲಿ ಪ್ಲಗ್ ವೈರಿಗಿಂತ ಇಂಜೆಕ್ಟರಿನ ಕನೆಕ್ಟರ್ ಕೀಳುವುದು ಒಳ್ಳೆಯದು. ಆಗ ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುವುದಿಲ್ಲ.

ಸತ್ತ ಸಿಲಿಂಡರಿನ ಪ್ಲಗ್ಗನ್ನು ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬಿಚ್ಚಿ. ಹೆಡ್ ಅಲ್ಯೂಮಿನಿಯಂನದು, ಬಿಸಿಯಲ್ಲಿ ಬಿಚ್ಚಿದರೆ ಥ್ರೆಡ್ ಕಿತ್ತುಬರುತ್ತದೆ. ಬಿಚ್ಚುವ ಮೊದಲು ಪ್ಲಗ್ಗಿನ ಸುತ್ತಲಿನ ಮಣ್ಣನ್ನು ಗಾಳಿ ಹೊಡೆದು ತೆಗೆಯಿರಿ, ಇಲ್ಲದಿದ್ದರೆ ಅದೆಲ್ಲ ಸಿಲಿಂಡರಿಗೇ ಬೀಳುತ್ತದೆ. ಈಗ ತುದಿ ನೋಡಿ. ತಿಳಿ ಕಂದು ಬಣ್ಣವಿದ್ದರೆ ಸರಿ. ಒಣ ಕಾಡಿಗೆಯಂತೆ ಕಪ್ಪಾಗಿದ್ದರೆ ಪೆಟ್ರೋಲ್ ಹೆಚ್ಚಾಗುತ್ತಿದೆ, ಅಥವಾ ಏರ್ ಫಿಲ್ಟರ್ ಕಟ್ಟಿದೆ. ಜಿಡ್ಡಾಗಿ ಒದ್ದೆಯಿದ್ದರೆ ಆಯಿಲ್ ಒಳಗೆ ಬರುತ್ತಿದೆ. ಸುಣ್ಣದಂತೆ ಬಿಳಿಚಿದ್ದರೆ ಮಿಶ್ರಣದಲ್ಲಿ ಪೆಟ್ರೋಲ್ ಸಾಲದು, ಇಲ್ಲವೇ ಎಂಜಿನ್ ಅತಿಯಾಗಿ ಕಾಯುತ್ತಿದೆ. ಅನುಮಾನವಿದ್ದರೆ ಆ ಪ್ಲಗ್ಗನ್ನು ಪಕ್ಕದ ಸಿಲಿಂಡರಿಗೆ ಹಾಕಿ ನೋಡಿ. ಮಿಸ್ಸಿಂಗ್ ಅದರ ಜೊತೆ ಹೋದರೆ ತಪ್ಪು ಪ್ಲಗ್ಗಿನದು, ಅಲ್ಲೇ ಉಳಿದರೆ ವೈರ್, ಕಾಯಿಲ್, ಇಂಜೆಕ್ಟರ್ ಅಥವಾ ಕಂಪ್ರೆಷನ್ (ಸಿಲಿಂಡರಿನೊಳಗೆ ಪಿಸ್ಟನ್ ಹುಟ್ಟಿಸುವ ಒತ್ತಡ).

ಪ್ಲಗ್ ತುದಿಯಲ್ಲಿ ಕಿಡಿ ಹಾರುವ ಗ್ಯಾಪ್ ಕಾರ್ಬುರೇಟರ್ ಗಾಡಿಗೆ 0.7ರಿಂದ 0.8 ಮಿಮೀ, ಎಂಪಿಎಫ್‌ಐಗೆ 1.0ರಿಂದ 1.1. ಎನ್‌ಜಿಕೆ ಪ್ಲಗ್ಗಿನ ನಂಬರ್ 11ರಲ್ಲಿ ಮುಗಿದರೆ ಗ್ಯಾಪ್ 1.1 ಮಿಮೀ ಎಂದರ್ಥ. ಕೂರಿಸುವಾಗ ಮೊದಲ ಸುತ್ತುಗಳೆಲ್ಲ ಬರಿಗೈಯಲ್ಲೇ ಆಗಬೇಕು. ಸ್ಪಾನರ್ ಹಿಡಿದು ಒತ್ತಾಯ ಮಾಡಬೇಕಾಗಿ ಬಂದರೆ ಥ್ರೆಡ್ ಅಡ್ಡ ಹತ್ತಿದೆ, ಬಿಚ್ಚಿ ಮತ್ತೆ ಶುರು ಮಾಡಿ. ಕೈಗೆ ಬಿಗಿಯಾದ ಮೇಲೆ ಹೊಸ ಪ್ಲಗ್ಗಿಗೆ ಅರ್ಧ ಸುತ್ತು ಸಾಕು. ಹಳೆಯದರ ವಾಷರ್ ಆಗಲೇ ಚಪ್ಪಟೆಯಾಗಿರುವುದರಿಂದ ಅದಕ್ಕೆ ಒಂದು ಸಣ್ಣ ಎಳೆತವೇ ಹೆಚ್ಚು.

ಮಳೆಗಾಲದಲ್ಲಿ ಬೆಳಿಗ್ಗೆ ಮಾತ್ರ ಮಿಸ್ಸಿಂಗ್ ಇದ್ದು ಎಂಜಿನ್ ಬಿಸಿಯಾದ ಮೇಲೆ ಸರಿಹೋದರೆ ಡಿಸ್ಟ್ರಿಬ್ಯೂಟರ್ ಕ್ಯಾಪ್ ಒಳಗೆ ತೇವ ಕೂತಿದೆ. ಒಣಬಟ್ಟೆಯಿಂದ ಒರೆಸಿ, ಕೂದಲೆಳೆಯಂಥ ಬಿರುಕು ಇದೆಯೇ ನೋಡಿ. ವಾರಗಟ್ಟಲೆ ನಿಂತ ಗಾಡಿ ಒಮ್ಮೆಲೇ ಮಿಸ್ಸಿಂಗ್ ಹೊಡೆದರೆ ಇಲಿ ವೈರ್ ಕಡಿದಿದೆಯೇ ಎಂದು ಮೊದಲು ನೋಡಿ. ಏರ್ ಫಿಲ್ಟರ್ ಡಬ್ಬಿಯೊಳಗೆ ಹುಲ್ಲು, ಕಡಲೆಸಿಪ್ಪೆ ಸಿಕ್ಕರೆ ಕಾರಣ ಹುಡುಕಿ ಮುಂದೆ ಹೋಗಬೇಕಿಲ್ಲ.

ಐಡ್ಲಿಂಗ್ ಏರಿಳಿದರೆ

ಎಂಪಿಎಫ್‌ಐ ಗಾಡಿ ಸಿಗ್ನಲ್‌ನಲ್ಲಿ ಆಫ್ ಆಗುತ್ತಿದ್ದರೆ ಅಥವಾ ಆರ್‌ಪಿಎಂ ತೂಗುತ್ತಿದ್ದರೆ ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯಲ್ಲಿ ಕಾರ್ಬನ್ ಕಟ್ಟಿರುತ್ತದೆ. ಗಾಳಿಯ ಹೋಸ್ ಬಿಚ್ಚಿ, ತಟ್ಟೆಯ ಅಂಚನ್ನು ಥ್ರಾಟಲ್ ಕ್ಲೀನರ್ ಹಾಕಿದ ಬಟ್ಟೆಯಿಂದ ಒರೆಸಿ. ಸರಿಹೋಗದಿದ್ದರೆ ವ್ಯಾಕ್ಯೂಮ್ ಹೋಸುಗಳನ್ನು ಬಾಗಿಸಿ ನೋಡಿ, ಬಿರುಕಿದ್ದರೆ ಬಾಯಿ ಬಿಡುತ್ತವೆ. ಕಾರ್ಬುರೇಟರ್ ಗಾಡಿಯಲ್ಲಿ ಇದೇ ದೂರು ಬಂದರೆ ಐಡಲ್ ಜೆಟ್ಟಿನಲ್ಲಿ ಕಸ. ಜೆಟ್ಟಿಗೆ ಗಾಳಿ ಹೊಡೆಯಬೇಕು, ತಂತಿ ತೂರಿಸಬಾರದು. ತೂತು ಕಣ್ಣಿಗೆ ಕಾಣದಷ್ಟು ಹಿಗ್ಗಿದರೂ ಮೈಲೇಜ್ ಹೋದಂತೆಯೇ.

ಪಿಕಪ್ ನಿಜಕ್ಕೂ ಸತ್ತಿದ್ದರೆ

ಕಂಪ್ರೆಷನ್ ಗೇಜ್ ಹಿಡಿಯುವ ಹೊತ್ತು ಇದು. ಎಂಜಿನ್ ಬಿಸಿ ಮಾಡಿ, ಹೆಡ್ ಕೈಗೆ ಸಹಿಸುವಷ್ಟು ತಣಿದ ಮೇಲೆ ಮೂರೂ ಪ್ಲಗ್ ಬಿಚ್ಚಿ. ಇಗ್ನಿಷನ್ ಕಾಯಿಲ್ ಮತ್ತು ಇಂಜೆಕ್ಟರ್ ಕನೆಕ್ಟರ್‌ಗಳನ್ನು ಕಳಚಿಡಿ. ಆಕ್ಸಿಲರೇಟರ್ ಪೂರ್ತಿ ತುಳಿದು ಐದಾರು ಸುತ್ತು ಸೆಲ್ಫ್ ಹೊಡೆಯಿರಿ. ಚೆನ್ನಾಗಿರುವ ಎಂಜಿನ್ 170 ಪಿಎಸ್‌ಐ ಆಸುಪಾಸು ತೋರಿಸುತ್ತದೆ. ಅಂಕಿಗಿಂತ ಮುಖ್ಯ, ಮೂರೂ ಸಿಲಿಂಡರ್ ಒಂದೇ ಸಮ ಇವೆಯೇ ಎಂಬುದು. 15 ಪಿಎಸ್‌ಐಗಿಂತ ಹೆಚ್ಚು ವ್ಯತ್ಯಾಸ ಬಂದರೆ, ಕಡಿಮೆ ಇರುವ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಕೂರುತ್ತಿಲ್ಲ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಇಳಿದಿದ್ದರೆ ನಡುವೆ ಹೆಡ್ ಗ್ಯಾಸ್ಕೆಟ್ (ಹೆಡ್‌ಗೂ ಎಂಜಿನ್ ಬ್ಲಾಕಿಗೂ ನಡುವಿನ ತೆಳು ಸೀಲ್) ಸುಟ್ಟಿರುವ ಸಾಧ್ಯತೆಯೇ ಹೆಚ್ಚು.

ವಾಲ್ವನ್ನು ಒತ್ತುವ ಟ್ಯಾಪೆಟ್ ಸಡಿಲವಿದ್ದರೆ ಟಿಕ್ ಟಿಕ್ ಸದ್ದು, ಅದಕ್ಕೆ ಎಲ್ಲರೂ ಹೆದರುತ್ತಾರೆ. ನಿಜವಾದ ಅಪಾಯ ಸದ್ದೇ ಮಾಡದ ಬಿಗಿ ಟ್ಯಾಪೆಟ್ಟಿನಲ್ಲಿದೆ. ವಾಲ್ವ್ ಪೂರ್ತಿ ಮುಚ್ಚದೆ, ಬಿಸಿಯನ್ನು ಹೆಡ್‌ಗೆ ದಾಟಿಸಲಾಗದೆ ಎಕ್ಸಾಸ್ಟ್ ವಾಲ್ವಿನ ಅಂಚು ಸುಡುತ್ತದೆ. ಗ್ಯಾಸ್ ಕಿಟ್ ಹಾಕಿದ ಗಾಡಿಗಳಲ್ಲಿ ಇದು ಬೇಗ ಆಗುವುದರಿಂದ ಅವುಗಳ ಟ್ಯಾಪೆಟ್ಟನ್ನು ಹೆಚ್ಚು ಸಲ ನೋಡಬೇಕು.

ಹೊಗೆಯ ಬಣ್ಣವನ್ನೂ ಇಲ್ಲೇ ಗಮನಿಸಿ. ರಾತ್ರಿಯಿಡೀ ನಿಂತು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ನೀಲಿ ಹೊಗೆ ಬಂದರೆ ವಾಲ್ವ್ ಸೀಲ್. ರೇಸ್ ಮಾಡಿದಾಗಲೆಲ್ಲ ನೀಲಿ ಬಂದರೆ ರಿಂಗ್. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ನೀರು ಒಳಗೆ ಉರಿಯುತ್ತಿದೆ.

ಬಿಸಿ

ಈ ಎಂಜಿನ್ ಬಹಳ ತಡೆಯುತ್ತದೆ. ಕೊಳಕು ಆಯಿಲ್, ಕಟ್ಟಿದ ಫಿಲ್ಟರ್, ಸವೆದ ಪ್ಲಗ್ ಇದ್ದರೂ ಗೊಣಗುತ್ತಲೇ ಓಡುತ್ತದೆ. ತಡೆಯದಿರುವುದು ಬಿಸಿಯನ್ನು. ಒಮ್ಮೆ ಚೆನ್ನಾಗಿ ಕಾದರೆ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುತ್ತದೆ.

ಕೂಲಂಟ್ ರಿಸರ್ವರ್ ಡಬ್ಬಿಯ ಗುರುತುಗಳ ನಡುವೆ ಇರಬೇಕು. ಬರಿ ನಲ್ಲಿನೀರು, ಅದರಲ್ಲೂ ಬೋರ್‌ವೆಲ್ ನೀರು ಹಾಕುತ್ತಾ ಬಂದರೆ ರೇಡಿಯೇಟರ್ ಕೊಳವೆಗಳಲ್ಲಿ ಸುಣ್ಣ ಕಟ್ಟುತ್ತದೆ. ಮುಚ್ಚಳದ ರಬ್ಬರ್ ಗಟ್ಟಿಯಾಗಿದ್ದರೆ ಒತ್ತಡ ನಿಲ್ಲದೆ ನೀರು ಬೇಗ ಕುದಿಯುತ್ತದೆ. ಚಿಕ್ಕ ಭಾಗವೆಂದು ಅದನ್ನು ಬದಲಿಸುವವರೇ ಕಡಿಮೆ. ಇನ್ನು ಥರ್ಮೋಸ್ಟ್ಯಾಟ್, ಎಂಜಿನ್ ಬಿಸಿಯಾದ ಮೇಲಷ್ಟೇ ನೀರನ್ನು ರೇಡಿಯೇಟರಿಗೆ ಬಿಡುವ ವಾಲ್ವ್. ‘ನಮ್ಮ ಬಿಸಿಲಿಗೆ ಬೇಡ’ ಎಂದು ಅದನ್ನು ಕಿತ್ತೆಸೆಯುವ ಪದ್ಧತಿ ಹಲವು ಗ್ಯಾರೇಜುಗಳಲ್ಲಿದೆ. ಕಿತ್ತರೆ ಎಂಜಿನ್ ಸರಿಯಾದ ಬಿಸಿಗೇ ಬರುವುದಿಲ್ಲ. ತಣ್ಣಗಿದೆ ಎಂದುಕೊಂಡು ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಪೆಟ್ರೋಲ್ ಸುರಿಯುತ್ತದೆ, ಮೈಲೇಜ್ ಇಳಿಯುತ್ತದೆ. ಅನುಮಾನವಿದ್ದರೆ ಬಿಚ್ಚಿ ಪಾತ್ರೆಯ ನೀರಲ್ಲಿ ಕಾಯಿಸಿ. ಕುದಿಯುವ ಮೊದಲೇ ಬಾಯಿ ತೆರೆಯಬೇಕು, ತೆರೆಯದಿದ್ದರೆ ಹೊಸದು ಹಾಕಿ.

ಬ್ಯಾಟರಿ ದೀಪ ಹತ್ತಿ, ಜೊತೆಗೇ ಬಿಸಿಯ ಮುಳ್ಳೂ ಏರಿದರೆ ಆಲ್ಟರ್ನೇಟರ್ ತಿರುಗಿಸುವ ಬೆಲ್ಟ್ ಹರಿದಿದೆ, ಅದರ ಜೊತೆ ವಾಟರ್ ಪಂಪ್ ಕೂಡ ನಿಂತಿದೆ. ಹೆಬ್ಬೆರಳಲ್ಲಿ ಜೋರಾಗಿ ಒತ್ತಿದಾಗ ಬೆಲ್ಟ್ 6ರಿಂದ 9 ಮಿಮೀ ಬಾಗಿದರೆ ಬಿಗಿ ಸರಿಯಿದೆ.

ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಮುಳ್ಳು ಕೆಂಪಿಗೆ ಏರಿತೆನ್ನಿ. ಎಸಿ ಆಫ್ ಮಾಡಿ, ಹೀಟರನ್ನು ಪೂರ್ತಿ ಬಿಸಿಗೆ, ಬ್ಲೋವರನ್ನು ಕೊನೆಗೆ ತಿರುಗಿಸಿ. ಹೀಟರ್ ಕೂಡ ಒಂದು ಸಣ್ಣ ರೇಡಿಯೇಟರೇ. ಜಾಗ ನೋಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಬಾನೆಟ್ ಎತ್ತಿ ಕನಿಷ್ಠ ಅರ್ಧ ಗಂಟೆ ಬಿಡಿ. ಮೇಲಿನ ಹೋಸ್ ಹಿಸುಕಿದಾಗ ಇನ್ನೂ ಕಲ್ಲಿನಂತೆ ಗಟ್ಟಿಯಿದ್ದರೆ ಮುಚ್ಚಳ ಮುಟ್ಟಬೇಡಿ. ಮೆತ್ತಗಾದ ಮೇಲೆ ದಪ್ಪ ಬಟ್ಟೆ ಹಾಕಿ ಮೊದಲ ತಡೆಯವರೆಗೆ ತಿರುಗಿಸಿ, ಉಗಿ ಬಿಟ್ಟ ಮೇಲೆ ತೆಗೆಯಿರಿ. ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಹಳ್ಳದ ತಣ್ಣೀರನ್ನು ಕಾದ ಎಂಜಿನ್ನಿಗೆ ಒಮ್ಮೆಲೇ ಸುರಿದರೆ ಹೆಡ್ ಬಿರುಕು ಬಿಡುತ್ತದೆ.

ಮನೆಗೆ ಬಂದ ಮೇಲೆ ಆಯಿಲ್ ಮುಚ್ಚಳ ಬಿಚ್ಚಿ ಒಳಭಾಗ ನೋಡಿ. ಬೆಣ್ಣೆ ಬೆರೆಸಿದ ಕಾಫಿಯಂಥ ನೊರೆ ಅಂಟಿದ್ದು, ಕೂಲಂಟ್ ಎಲ್ಲೂ ಸೋರದೆ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ ಹೋಸ್ ಬಿಗಿಯಾಗುವುದು, ತೆರೆದ ರೇಡಿಯೇಟರಿನಲ್ಲಿ ಗುಳ್ಳೆ ನಿಲ್ಲದೆ ಬರುವುದು ಅದರದೇ ಗುರುತು.

ಹೆಡ್ ಇಳಿಸಿದ ಮೇಲೆ ಬರಿ ಗ್ಯಾಸ್ಕೆಟ್ ಬದಲಿಸಿ ಮುಚ್ಚಲು ಬಿಡಬೇಡಿ. ಉಕ್ಕಿನ ಪಟ್ಟಿಯನ್ನು ಉದ್ದಕ್ಕೂ ಮೂಲೆಯಿಂದ ಮೂಲೆಗೂ ಇಟ್ಟು ಫೀಲರ್ ಗೇಜ್ (ಗೊತ್ತಾದ ದಪ್ಪದ ತೆಳು ಲೋಹದ ಎಲೆಗಳು) ತೂರಿಸಿ ನೋಡಲು ಹೇಳಿ. 0.05 ಮಿಮೀ ಎಲೆ ಎಲ್ಲಾದರೂ ನುಸುಳಿದರೆ ಫೇಸಿಂಗ್ (ಯಂತ್ರದಲ್ಲಿ ಉಜ್ಜಿ ಸಮ ಮಾಡುವುದು) ಮಾಡಿಸಬೇಕು. ಇಲ್ಲದಿದ್ದರೆ ಹೊಸ ಗ್ಯಾಸ್ಕೆಟ್ ಕೆಲವೇ ತಿಂಗಳಲ್ಲಿ ಸುಡುತ್ತದೆ. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ, ಟಾರ್ಕ್ ರೆಂಚ್ ಹಿಡಿದೇ ಬಿಗಿಯಬೇಕು. ಕೂಲಂಟ್ ತುಂಬಿದ ಮೇಲೆ ರೇಡಿಯೇಟರ್ ಮುಚ್ಚಳ ತೆರೆದಿಟ್ಟು, ಥರ್ಮೋಸ್ಟ್ಯಾಟ್ ತೆರೆದು ಕೆಳಗಿನ ಹೋಸ್ ಬಿಸಿಯಾಗುವವರೆಗೆ ಎಂಜಿನ್ ಓಡಿಸಿ ಒಳಗಿನ ಗಾಳಿ ಕಳೆಯಿರಿ. ಮಟ್ಟ ಇಳಿದಂತೆಲ್ಲ ತುಂಬಿ ಮುಚ್ಚಳ ಹಾಕಿ, ಮರುದಿನ ಬೆಳಿಗ್ಗೆ ತಣ್ಣಗಿದ್ದಾಗ ಮತ್ತೊಮ್ಮೆ ನೋಡಿ.