ಹ್ಯೂಸ್ಟನ್‌ಗೆ ಹೊಸದಾಗಿ ಬಂದ ಕನ್ನಡಿಗರಿಗೆ: ಚಂಡಮಾರುತವನ್ನು ಮನೆಯಲ್ಲಿದ್ದು ಎದುರಿಸುವ ಬಗೆ

ಬೆಂಗಳೂರಿನಲ್ಲಿ ಬೆಳೆದವರಿಗೆ ಚಂಡಮಾರುತವೆಂದರೆ ಬಂಗಾಳ ಕೊಲ್ಲಿಯಲ್ಲಿ ಎಲ್ಲೋ ಎದ್ದ ವಾಯುಭಾರ ಕುಸಿತ, ಎರಡು ದಿನ ಮುಸುಕಿದ ಮೋಡ, ಬಿಡದೆ ಹನಿಯುವ ಜಿಟಿಜಿಟಿ ಮಳೆ. ಹ್ಯೂಸ್ಟನ್ನಿನಲ್ಲಿ ಅದು ಮನೆಬಾಗಿಲಿಗೇ ಬರುತ್ತದೆ. ಜೂನ್ 1ರಿಂದ ನವೆಂಬರ್ 30ರವರೆಗೆ ಇಲ್ಲಿ ಚಂಡಮಾರುತದ ಕಾಲ. ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ಕೊನೆಯವರೆಗೆ, ಅಂದರೆ ನಾವು ಗೌರಿ-ಗಣೇಶ ಹಬ್ಬಕ್ಕೆ ಸಿದ್ಧವಾಗುವ ದಿನಗಳಲ್ಲಿ, ಅದರ ಬಿರುಸು ಹೆಚ್ಚು. 2008ರ ಸೆಪ್ಟೆಂಬರಿನಲ್ಲಿ ಐಕ್ ಚಂಡಮಾರುತ ಗ್ಯಾಲ್ವೆಸ್ಟನ್ನಿಗೆ ಅಪ್ಪಳಿಸಿದಾಗ ನಾನು ಇಲ್ಲಿಗೆ ಹೊಸಬನಾಗಿದ್ದೆ. ಅಂದು ನನಗೆ ಯಾರಾದರೂ ಹೇಳಬೇಕಿದ್ದ ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೊಸಬರು ಮೊದಲು ಕೇಳುವುದು, 'ಇದು ಯಾವ ಕೆಟಗರಿ?' ಎಂದು. ಆ 1ರಿಂದ 5ರವರೆಗಿನ ಅಂಕಿ ಗಾಳಿಯ ವೇಗವನ್ನು ಮಾತ್ರ ಹೇಳುತ್ತದೆ. ಎಷ್ಟು ಮಳೆ ಬೀಳುತ್ತದೆ, ಸಮುದ್ರ ಎಷ್ಟು ಉಕ್ಕುತ್ತದೆ, ಕರೆಂಟು ಎಷ್ಟು ದಿನ ಇರುವುದಿಲ್ಲ ಎಂಬುದನ್ನು ಹೇಳುವುದಿಲ್ಲ. 2017ರ ಆಗಸ್ಟ್ 25ರ ರಾತ್ರಿ ಹಾರ್ವಿ ರಾಕ್‌ಪೋರ್ಟಿನ ಬಳಿ ನಾಲ್ಕನೆಯ ಕೆಟಗರಿಯಲ್ಲಿ ದಡ ಮುಟ್ಟಿತು. ನಮ್ಮ ಊರನ್ನು ಮುಳುಗಿಸಿದ್ದು ಅದರ ಗಾಳಿಯಲ್ಲ, ಆಮೇಲೆ ದಿನಗಟ್ಟಲೆ ಅಲುಗದೆ ನಿಂತು ಸುರಿಸಿದ ಮಳೆ. ಪೂರ್ವಕ್ಕಿರುವ ನೆಡರ್‌ಲ್ಯಾಂಡಿನಲ್ಲಿ ಅದು 60 ಇಂಚು ದಾಟಿತ್ತು. 2024ರ ಜುಲೈ 8ರಂದು ಬಂದ ಬೆರಿಲ್ ಬರೀ ಒಂದನೆಯ ಕೆಟಗರಿಯದು, ಆದರೂ 22 ಲಕ್ಷಕ್ಕಿಂತ ಹೆಚ್ಚು ಮನೆ-ಅಂಗಡಿಗಳು ಕತ್ತಲಾದವು. ಆದ್ದರಿಂದ ಕೇಳಬೇಕಾದದ್ದು, 'ನನ್ನ ಮನೆಗೆ ಏನು ಬರುತ್ತದೆ, ನೀರೋ ಗಾಳಿಯೋ?' ಎಂಬುದನ್ನು.

ಇದರ ಉತ್ತರ ನಿಮ್ಮ ವಿಳಾಸದಲ್ಲಿದೆ. ಮನೆ ಬಾಡಿಗೆಗೆ ಹಿಡಿಯುವ ಅಥವಾ ಕೊಳ್ಳುವ ಮೊದಲೇ ಪ್ರವಾಹದ ನಕ್ಷೆಯಲ್ಲಿ ಅದನ್ನು ಹುಡುಕಿ, ಹತ್ತಿರದ ಬಾಯು ಯಾವುದೆಂದು ನೋಡಿ. ಇಲ್ಲಿನ ನಿಧಾನಗತಿಯ ಹೊಳೆಗಳನ್ನು ಬಾಯು ಎನ್ನುತ್ತಾರೆ. ಕೇಟಿಯ ಕಡೆ ಮನೆ ಮಾಡುವವರು ಆಡಿಕ್ಸ್ ಮತ್ತು ಬಾರ್ಕರ್ ಜಲಾಶಯಗಳ ಬಗ್ಗೆ ವಿಶೇಷವಾಗಿ ವಿಚಾರಿಸಬೇಕು. ಎಂದಿನ ದಿನಗಳಲ್ಲಿ ಅವು ನೀರಿಲ್ಲದ ಉದ್ಯಾನದಂತೆ ಕಾಣುವುದರಿಂದ, ತಮ್ಮ ಬಡಾವಣೆ ಜಲಾಶಯದ ನೀರು ಹರಡುವ ಜಾಗದಲ್ಲೇ ಇದೆಯೆಂಬುದು ಹಾರ್ವಿಯವರೆಗೆ ಅಲ್ಲಿನ ಬಹಳ ಜನರಿಗೆ ತಿಳಿದಿರಲಿಲ್ಲ. ನಕ್ಷೆಯೂ ಪೂರ್ಣ ಭರವಸೆಯಲ್ಲ: ಆ ವರ್ಷ ಹ್ಯಾರಿಸ್ ಕೌಂಟಿಯಲ್ಲಿ ನೀರು ನುಗ್ಗಿದ ಮನೆಗಳಲ್ಲಿ ಹೆಚ್ಚಿನವು ಗುರುತಿಸಿದ ಪ್ರವಾಹ ವಲಯದ ಹೊರಗಿದ್ದವು.

ಊರು ಬಿಡಬೇಕೇ ಎಂಬ ಪ್ರಶ್ನೆಗೆ ಇಲ್ಲಿನವರ ಸೂತ್ರ ಸರಳವಾಗಿದೆ: ನೀರಿನಿಂದ ಓಡು, ಗಾಳಿಯಿಂದ ಅಡಗು. ಕಡಲು ಉಕ್ಕಿ ಬರುವ ಪ್ರದೇಶಗಳನ್ನು ಜಿಪ್ ಕೋಡ್ ಪ್ರಕಾರ ವಲಯಗಳಾಗಿ ವಿಂಗಡಿಸಿದ್ದಾರೆ; ನಿಮ್ಮ ವಲಯಕ್ಕೆ ಆದೇಶ ಬಂದರೆ ತಡಮಾಡದೆ ಹೊರಡಿ, ಬರದಿದ್ದರೆ ರಸ್ತೆಯನ್ನು ಕರಾವಳಿಯವರಿಗೆ ಬಿಡಿ. 2005ರಲ್ಲಿ ರೀಟಾ ಬರುವಾಗ ಲಕ್ಷಾಂತರ ಜನ ಒಮ್ಮೆಗೇ ಹೊರಟು, ಹೆದ್ದಾರಿಗಳಲ್ಲಿ ಬಿಸಿಲಿಗೆ ಗಂಟೆಗಟ್ಟಲೆ ಸಿಲುಕಿದರು; ಆ ಪ್ರಯಾಣದಲ್ಲೇ ಹತ್ತಾರು ಜನ ಸತ್ತರು.

ವಿಮೆಯನ್ನು ಮೇ ತಿಂಗಳಿಗೇ ಮುಗಿಸಿಕೊಳ್ಳಿ. ಸಾಮಾನ್ಯ ಮನೆ ವಿಮೆ ಪ್ರವಾಹದ ನಷ್ಟವನ್ನು ಭರಿಸುವುದಿಲ್ಲ, ಮತ್ತು ಸರ್ಕಾರದ ಪ್ರವಾಹ ವಿಮೆ ಕೊಂಡ 30 ದಿನಗಳ ನಂತರವಷ್ಟೇ ಸಾಮಾನ್ಯವಾಗಿ ಜಾರಿಗೆ ಬರುತ್ತದೆ. ಬಾಡಿಗೆದಾರರೂ ಮನೆಯೊಳಗಿನ ಸಾಮಾನುಗಳಿಗೆ ಇದನ್ನು ಕೊಳ್ಳಬಹುದು.

ಪಾಸ್‌ಪೋರ್ಟ್, ವೀಸಾ ಅನುಮೋದನೆಯ ಮೂಲಪತ್ರ, ಮಕ್ಕಳ ಜನನ ಪ್ರಮಾಣಪತ್ರ ಇವೆಲ್ಲ ನೀರು ಹೋಗದ ಒಂದೇ ಚೀಲದಲ್ಲಿರಲಿ, ಫೋಟೋ ಪ್ರತಿ ಊರಿನಲ್ಲಿರುವ ಯಾರಾದರೊಬ್ಬರ ಬಳಿಯೂ ಇರಲಿ. ಬೇಸಿಗೆಯಲ್ಲಿ ತಂದೆತಾಯಿ ಬಂದಿದ್ದರೆ ಅವರು ಭಾರತದಿಂದ ತಂದ ಮಾತ್ರೆಗಳ ಲೆಕ್ಕವನ್ನು ಮೊದಲೇ ಮಾಡಿ. ಇಲ್ಲಿನ ವೈದ್ಯರ ಚೀಟಿಯಿಲ್ಲದೆ ಅವು ಸಿಗಲಾರವು, ಬಿರುಗಾಳಿಯ ವಾರದಲ್ಲಿ ವೈದ್ಯರೂ ಸಿಗಲಾರರು. ಬೆರಿಲ್ ಬಂದಾಗ ನನ್ನ ತಾಯಿ ನಮ್ಮೊಂದಿಗಿದ್ದರು. ಬಿರುಗಾಳಿಯ ಆ ಕೆಲವು ಗಂಟೆಗಳನ್ನು ಅವರು ದೇವರ ನಾಮ ಹೇಳುತ್ತ ಧೈರ್ಯವಾಗಿ ಕಳೆದರು. ಅವರನ್ನು ಕುಗ್ಗಿಸಿದ್ದು ಎ.ಸಿ. ಇಲ್ಲದ ಮುಂದಿನ ನಾಲ್ಕು ದಿನಗಳ ಸೆಕೆ. ಕೊನೆಗೆ ಕರೆಂಟಿದ್ದ ಕನ್ನಡದ ಕುಟುಂಬವೊಂದು ನಮ್ಮನ್ನು ಕರೆದು ಇಟ್ಟುಕೊಂಡಿತು. ವಯಸ್ಸಾದವರು, ಹಸುಗೂಸು ಇರುವ ಮನೆಯವರು ಕರೆಂಟು ಹೋದರೆ ಯಾರ ಮನೆಗೆ ಹೋಗುವುದೆಂದು ಜೂನ್‌ನಲ್ಲೇ ಮಾತಾಡಿಕೊಂಡಿರಬೇಕು. ಇದರಲ್ಲಿ ಸಂಕೋಚ ಬೇಡ.

ಕುಡಿಯುವ ನೀರು ತಲೆಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ ನಾಲ್ಕು ಲೀಟರಿನಷ್ಟು ಬೇಕು. ಒಂದು ವಾರಕ್ಕೆ ಆಗುವಷ್ಟು ಇಟ್ಟುಕೊಳ್ಳುವುದು ಒಳ್ಳೆಯದು. ಶೌಚಾಲಯದ ಬಳಕೆಗೆ ಬಾತ್‌ಟಬ್ ತುಂಬಿಸಿ. ಅಪಾರ್ಟ್‌ಮೆಂಟುಗಳ ಒಲೆ ಹೆಚ್ಚಾಗಿ ವಿದ್ಯುತ್ತಿನದಾದ್ದರಿಂದ ಅಕ್ಕಿ-ಬೇಳೆ ಕೂಡಿಟ್ಟು ಪ್ರಯೋಜನವಿಲ್ಲ. ಒಲೆಯಿಲ್ಲದೆ ಹೊಟ್ಟೆ ತುಂಬಿಸುವ ವಿದ್ಯೆ ನಮ್ಮ ಅಡುಗೆಮನೆಗೆ ಮೊದಲಿಂದಲೂ ಗೊತ್ತು: ತೆಳು ಅವಲಕ್ಕಿಗೆ ಗೊಜ್ಜಿನ ಪುಡಿ ಕಲಸಿದರೆ ಊಟವಾಯಿತು, ಮಂಡಕ್ಕಿ, ಹುರಿಗಡಲೆ, ಚಟ್ನಿಪುಡಿ, ಹುರಿಹಿಟ್ಟು, ಬೆಲ್ಲ, ಬಾಳೆಹಣ್ಣು ಇದ್ದರೆ ಮಕ್ಕಳೂ ತಕರಾರಿಲ್ಲದೆ ತಿನ್ನುತ್ತಾರೆ. ಫ್ರಿಜ್ಜಿನ ಬಾಗಿಲು ತೆರೆಯದಿದ್ದರೆ ಆಹಾರ ನಾಲ್ಕು ಗಂಟೆ, ತುಂಬಿದ ಫ್ರೀಜರಿನಲ್ಲಿ ಎರಡು ದಿನ ಕೆಡದೆ ಇರುತ್ತದೆ.

ಈ ಊರಿನ ರಸ್ತೆಗಳನ್ನು ಹೆಚ್ಚುವರಿ ಮಳೆನೀರು ಹಿಡಿದಿಟ್ಟುಕೊಳ್ಳುವಂತೆ ಬೇಕೆಂದೇ ರೂಪಿಸಿದ್ದಾರೆ. ಮೊದಲು ಮುಳುಗುವುದು ರಸ್ತೆಯೇ ಆದ್ದರಿಂದ ಕಾರನ್ನು ಎತ್ತರದ ಜಾಗದಲ್ಲಿ ಅಥವಾ ಪಾರ್ಕಿಂಗ್ ಕಟ್ಟಡದ ಮೇಲಿನ ಅಂತಸ್ತಿನಲ್ಲಿ ನಿಲ್ಲಿಸಿ. ಹರಿಯುವ ಒಂದು ಅಡಿ ನೀರು ಸಣ್ಣ ಕಾರನ್ನು ತೇಲಿಸಿಕೊಂಡು ಹೋಗಬಲ್ಲದು. ಎಷ್ಟು ಪರಿಚಯದ ರಸ್ತೆಯಾದರೂ ನೀರು ನಿಂತಿದ್ದರೆ ಹಿಂದಿರುಗಿ. ಗಾಳಿ ಬೀಸುವಾಗ ಕಿಟಕಿಯಿಲ್ಲದ ಒಳಕೋಣೆಯಲ್ಲೋ, ಬಟ್ಟೆ ಇಡುವ ಕ್ಲಾಸೆಟ್ಟಿನಲ್ಲೋ ಕುಳಿತುಕೊಳ್ಳಿ. ಒಮ್ಮೆಲೇ ಎಲ್ಲವೂ ಶಾಂತವಾದರೆ ಚಂಡಮಾರುತದ ಕಣ್ಣು ಮೇಲೆ ಹಾದುಹೋಗುತ್ತಿರಬಹುದು, ಸ್ವಲ್ಪ ಹೊತ್ತಿನಲ್ಲಿ ಗಾಳಿ ಎದುರು ದಿಕ್ಕಿನಿಂದ ತಿರುಗಿ ಬರುತ್ತದೆ, ಹೊರಗೆ ಹೋಗಬೇಡಿ. ಮನೆಯೊಳಗೆ ನೀರು ಏರಿದರೆ ಹೊರದಾರಿಯಿಲ್ಲದ ಅಟ್ಟವನ್ನು ಹತ್ತಬೇಡಿ. ಅಲ್ಲಿ ಸಿಕ್ಕಿಬಿದ್ದವರಿಗೆ ಸೂರು ಒಡೆಯದೆ ಬಿಡುಗಡೆಯಿಲ್ಲ.

ಬಿರುಗಾಳಿ ದಾಟಿದ ಮೇಲೂ ಜೀವಗಳು ಹೋಗುತ್ತವೆ. ಜನರೇಟರನ್ನು ಗ್ಯಾರೇಜಿನಲ್ಲಿ, ಬಾಗಿಲು ತೆರೆದಿದ್ದರೂ, ಓಡಿಸಬಾರದು. ಮನೆಯಿಂದ ಕನಿಷ್ಠ 20 ಅಡಿ ದೂರವಿರಬೇಕು. ಅದು ಉಗುಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ; ಮಲಗಿದವರು ಮಲಗಿದಂತೆಯೇ ಸಾಯುತ್ತಾರೆ. ಇದ್ದಿಲಿನ ಒಲೆಯನ್ನು ಮನೆಯೊಳಗೆ ಹಚ್ಚುವುದೂ ಇಷ್ಟೇ ಅಪಾಯ. ಬಿದ್ದ ತಂತಿಗಳ ಹತ್ತಿರ ಸುಳಿಯಬೇಡಿ.

ನೀರು ನುಗ್ಗಿದ್ದರೆ ಏನನ್ನೂ ಎಸೆಯುವ ಮೊದಲು ಪ್ರತಿ ಕೋಣೆಯ, ಗೋಡೆಯ ಮೇಲಿನ ನೀರಿನ ಗೆರೆಯ ಫೋಟೋ ತೆಗೆಯಿರಿ. ಆಮೇಲೆ ತಡಮಾಡದೆ ಒದ್ದೆ ಕಾರ್ಪೆಟ್ ಕಿತ್ತುಹಾಕಿ, ಏಕೆಂದರೆ ಒಂದೆರಡು ದಿನದಲ್ಲೇ ಬೂಸ್ಟು ಹಿಡಿಯುತ್ತದೆ. ಎಚ್-1ಬಿ ವೀಸಾದವರಿಗೆ ಅಮೆರಿಕದ ಕೇಂದ್ರ ಸರ್ಕಾರದ ವಿಪತ್ತು ಪರಿಹಾರ ಸಂಸ್ಥೆಯಾದ ಫೀಮಾದ ನಗದು ನೆರವು ತಮ್ಮ ಹೆಸರಿನಲ್ಲಿ ಸಿಗುವುದಿಲ್ಲ. ಆದರೆ ಮನೆಯಲ್ಲಿ ಇಲ್ಲಿಯೇ ಹುಟ್ಟಿ ಅಮೆರಿಕದ ಪೌರತ್ವ ಪಡೆದ ಮಗುವಿದ್ದರೆ ಆ ಮಗುವಿನ ಪರವಾಗಿ ತಂದೆತಾಯಿ ಅರ್ಜಿ ಹಾಕಬಹುದು. ಆಶ್ರಯತಾಣ, ಊಟ, ನೀರು ಇವುಗಳಿಗೆ ಯಾವ ವೀಸಾದವರೂ ಹಿಂಜರಿಯದೆ ಹೋಗಬಹುದು. ಹಾರ್ವಿಯ ನಂತರ ಇದು ತಿಳಿಯದೆ ಅರ್ಜಿಯನ್ನೇ ಹಾಕದೆ ಸುಮ್ಮನಿದ್ದವರನ್ನು ನಾನು ಕಂಡಿದ್ದೇನೆ.