ಸುಣ್ಣದ ತಕ್ಕಡಿ ಅಟ್ಟಕ್ಕೆ ಹೋದದ್ದು

"ಮೈಲುತುತ್ತು ಒಂದು, ಸುಣ್ಣ ಒಂದು, ನೀರು ನೂರು. ಅಜ್ಜನ ಕಾಲದ ಲೆಕ್ಕವನ್ನು ನೀನು ತಿದ್ದುವುದಾ ಮಾರಾಯಾ?" ಪಕ್ಕದ ತೋಟದ ಭಾವ ನಕ್ಕದ್ದು ಮೂರು ಮಳೆಗಾಲದ ಹಿಂದೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಮದ್ದಿನ ಲೆಕ್ಕ ಅದು, ಮೈಲುತುತ್ತು ಎಂದರೆ ತಾಮ್ರದ ಸಲ್ಫೇಟ್. ಕಳೆದ ವರ್ಷ ಕೊಳೆ ಅಡಿಕೆ ನನ್ನಲ್ಲಿ ಬುಟ್ಟಿ ಲೆಕ್ಕ, ಅವನಲ್ಲಿ ಗೋಣಿ ಲೆಕ್ಕ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಲೆಕ್ಕದಲ್ಲಿ ತಪ್ಪಿಲ್ಲ, ತಪ್ಪು ಸುಣ್ಣದ್ದು. ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದಲ್ಲಿ 1910ರ ಸುಮಾರಿಗೆ ಅಡಿಕೆಗೆ ಬೋರ್ಡೋ ಹೊಡೆಸಿದಾಗ ಇದ್ದ ಸುಣ್ಣವೇ ಈಗಿನ ಪ್ಯಾಕೆಟ್‌ನಲ್ಲೂ ಇರಬೇಕಲ್ಲ? ನಾನು ತಂದದ್ದು ಹಿಂದಿನ ವರ್ಷ ಬಾಯಿ ಬಿಚ್ಚಿಟ್ಟ ಪ್ಯಾಕೆಟ್. ಗಾಳಿ ಕುಡಿದು ಮುಕ್ಕಾಲು ಪಾಲು ಸೀಮೆಸುಣ್ಣವಾಗಿತ್ತು. ಸುಣ್ಣ ಸಾಲದಿದ್ದರೆ ಉಳಿದ ತಾಮ್ರ ಕತ್ತಿಯ ಮೇಲೆ ಕೂರುತ್ತದೆ, ಎಳೆಕಾಯಿಯನ್ನೂ ಸುಡುತ್ತದೆ. ಮದ್ದಿಗೆ ಕತ್ತಿ ಅದ್ದಿ ನೋಡಿದ್ದೆ, ತಾಮ್ರ ಕೂರಲಿಲ್ಲ, ಸರಿ ಅಂದುಕೊಂಡೆ. ಅದು ಅಡುಗೆಮನೆಯ ಹೊಸ ಸ್ಟೀಲ್ ಚಾಕು! ಹಳೆಯ ಕಬ್ಬಿಣದ ಕತ್ತಿಯಾಗಿದ್ದರೆ ಅರ್ಧ ನಿಮಿಷದಲ್ಲಿ ಕೆಂಪಗಾಗುತ್ತಿತ್ತು. ನಾಲ್ಕನೇ ದಿನಕ್ಕೆ ನಳ್ಳಿ (ಎಳೆ ಅಡಿಕೆ) ಸುಟ್ಟು ಕಪ್ಪಾಗಿ ಉದುರಿತು. ಒಂದೂವರೆ ಕ್ವಿಂಟಾಲ್ ಚಾಲಿ (ಒಣಗಿಸಿ ಸುಲಿದ ಅಡಿಕೆ), ಆಗಿನ ಧಾರಣೆಯಲ್ಲಿ 60 ಸಾವಿರದ ಹತ್ತಿರ. ಮದ್ದಿನ ಖರ್ಚು, ಸಂಬಳ ಬೇರೆ.

ಹೆದರಿ ಮರುವರ್ಷ ಸುಣ್ಣ ಡಬಲ್ ಸುರಿದೆ. ಮದ್ದು ಬಿಡುವವನು ಮರದ ತುದಿಯಲ್ಲಿ, ನಾಝಲ್ ಕಟ್ಟಿ ಪಿಚಕ್ ಎಂದೂ ಬರಲಿಲ್ಲ. ಮಧ್ಯಾಹ್ನದೊಳಗೆ ಐದು ಸಲ ಬಿಚ್ಚಿದೆವು. ಆ ದಿನದ ಸಂಬಳವೂ ಹೊಳೆಗೆ.

ಈಗ ತೂಗಿ ಸುರಿಯುವುದಿಲ್ಲ, ಸುಣ್ಣ ಎಷ್ಟು ಬೇಕೆಂದು ಬಕೆಟನ್ನೇ ಕೇಳುತ್ತೇನೆ. ಸುಟ್ಟ ಚಿಪ್ಪಿನ ಸುಣ್ಣವನ್ನು ಹಿಂದಿನ ಸಂಜೆ ಅರಳಿಸಿ, ಲೀಟರಿಗೆ 100 ಗ್ರಾಂ ಸುಣ್ಣದ ಹದಕ್ಕೆ ಹಾಲು ಮಾಡಿ, ಬಟ್ಟೆಯಲ್ಲಿ ಸೋಸಿಡುತ್ತೇನೆ. ಬೆಳಿಗ್ಗೆ 10 ಲೀಟರ್ ಬಕೆಟ್‌ನಲ್ಲಿ 100 ಗ್ರಾಂ ಮೈಲುತುತ್ತು ಕರಗಿಸಿ, ಸಣ್ಣ ಲೋಟದಲ್ಲಿ ಸುಣ್ಣದ ಹಾಲು ಹಾಕುತ್ತಾ ಕದಡುವುದು. ಪ್ರತಿ ಸಲ ಅರಿಶಿನ ಹಚ್ಚಿ ಒಣಗಿಸಿದ ಪೇಪರ್ ತುಂಡು ಅದ್ದಬೇಕು. ಐದು ಲೋಟದ ತನಕ ಹಳದಿ ಹಳದಿಯೇ. ಮತ್ತೆ ಅರ್ಧ ಲೋಟ ಬಿದ್ದದ್ದೇ ತಡ, ಅಂಚಿನಿಂದ ಆರತಿ ನೀರಿನ ಕೆಂಪು ಹತ್ತುತ್ತದೆ, ಅಂದರೆ ಸುಣ್ಣ ಸಾಕಾಯಿತು. ಅಲ್ಲಿಗೆ ನಿಲ್ಲಿಸಿ ಇಪ್ಪತ್ತರಿಂದ ಗುಣಿಸಿದರೆ 200 ಲೀಟರ್ ಡ್ರಮ್ಮಿನ ಸುಣ್ಣ ಸಿಕ್ಕಿತು. ತುತ್ತಿನ ನೀರು, ಸುಣ್ಣದ ಹಾಲು ಎರಡನ್ನೂ ಒಟ್ಟಿಗೆ ಹೊಯ್ಯುವುದು ನಿಮಗೆ ಗೊತ್ತಿದ್ದದ್ದೇ. ನನಗೆ ಕಿಲೋ ತುತ್ತಿಗೆ ಅರ್ಧ ಕಿಲೋದ ಮೇಲೆ ಸ್ವಲ್ಪ ಸುಣ್ಣ ಸಾಕಾಗುತ್ತದೆ. ಪುಸ್ತಕದ ಲೆಕ್ಕ ಹಿಡಿದರೆ ಅಪ್ಪಟ ಸುಟ್ಟ ಸುಣ್ಣ ಕಾಲು ಕಿಲೋವೇ ಸಾಕು, ಆದರೆ ಅಪ್ಪಟ ಎಲ್ಲಿದೆ?

ಸುಣ್ಣ ಸತ್ತಿದೆಯಾ ಎಂದು ತಿಳಿಯಲು ಅರಳಿಸಿ ತಣಿದ ಮೇಲೆ ಲಿಂಬೆಹುಳಿ ಹಿಂಡಿ. ಬುರುಬುರು ನೊರೆ ಎದ್ದರೆ ಅಂಗಡಿಗೆ ವಾಪಸ್. ಮಗಳು ದಾಸವಾಳದ ಎಸಳು ಉಜ್ಜಿದ ಪೇಪರ್ ಮಾಡಿದಳು. ಸುಣ್ಣದಲ್ಲಿ ಚಂದದ ಹಸಿರು, ಲಿಂಬೆಯಲ್ಲಿ ಗುಲಾಬಿ. ಆದರೆ ಬೋರ್ಡೋದ ನೀಲಿಯಲ್ಲಿ ಅದ್ದಿದರೆ ಏನೂ ತಿಳಿಯುವುದಿಲ್ಲ. ಹುಳಿಯೋ ಕ್ಷಾರವೋ ಎಂದು ತೋರಿಸುವ ಪಿಎಚ್ ಪೇಪರ್ ತರಬಹುದು, ನಾನು ತಂದದ್ದು ಮಳೆಗಾಲದ ತೇವಕ್ಕೆ ತಾನೇ ಬಣ್ಣ ಬದಲಿಸಿತ್ತು.

ಈ ಜೂನ್‌ನಲ್ಲಿ ಭಾವ ತಾನಾಗಿ ಬಂದು ಅರಿಶಿನ ಪೇಪರ್ ಕೇಳಿದ. ಹತ್ತು ತುಂಡು ಕೊಟ್ಟೆ. ಮದ್ದು ಮಳೆಗೆ ತೊಳೆದು ಹೋಗದ ಹಾಗೆ ಅಂಟಿಗೆ ರಾಳ ಎಷ್ಟು ಹಾಕುತ್ತೀ ಎಂದೂ ಕೇಳಿದ. ಚಾ ಕುಡಿಸಿ ಕಳಿಸಿದೆ.